ಒಂದನ್ನು ಯಾರೂ ಒತ್ತಲಿಲ್ಲ

"ನೀವು ಆ ಹೆಣ್ಮಕ್ಕಳಿಗೆ ಸರಿಯಾಗಿ ಹೇಳಿಕೊಟ್ಟಿಲ್ಲ ಅನಸ್ತದರಿ" ಎಂದುಬಿಟ್ಟ ಭೀಮೇಶ.

ಲಾವಣ್ಯಳ ನೋಟ ಅವನನ್ನು ಬಿಟ್ಟು ಕಂಪ್ಯೂಟರಿನ ಕಡೆ ಹೋಗಿ, ಮತ್ತೆ ತಿರುಗಿ ಬಂದು ಅವನ ಮೇಲೆಯೇ ಕೂತಿತು. "ಇಪ್ಪತ್ತು ಊರು ಕಾಲಿಲೇ ತಿರಗೀನಿ. ನೀವು ಫ್ಯಾನ್ ಕೆಳಗ ಕುಂತು ಹೇಳ್ತೀರಿ" ಎಂದವಳೇ ಚೀಲ ಹೆಗಲಿಗೇರಿಸಿ ರಾಯಿಕೋಡಿನ ತನ್ನ ಮನೆಯ ದಾರಿ ಹಿಡಿದಳು.

ಜಹೀರಾಬಾದಿನ ಆ ಪುಟ್ಟ ಸಂಸ್ಥೆಯಲ್ಲಿ ದಿನಾ ಬೆಳಗಿನ ಆರಕ್ಕೆ ಕಂಪ್ಯೂಟರೇ ಕುರಿ ಸಾಕುವ ಹೆಂಗಸರಿಗೆ ಫೋನ್ ಮಾಡುತ್ತಿತ್ತು. ಮೊದಲೇ ರೆಕಾರ್ಡ್ ಮಾಡಿಟ್ಟ ಲಾವಣ್ಯಳ ದನಿ ಕುರಿರೋಗದ ಸುದ್ದಿ ತಿಳಿಸಿ, "ಕುರಿಗೆ ಸೂಜಿ ಹಾಕಿಸಿದ್ದರೆ ಒಂದು ಒತ್ತಿರಿ" ಅನ್ನುತ್ತಿತ್ತು. ಅವತ್ತು ನಲವತ್ತೆರಡು ಮಂದಿ ಫೋನ್ ಎತ್ತಿದ್ದರು. ಒಂದನ್ನು ಯಾರೂ ಒತ್ತಿರಲಿಲ್ಲ.

ಭೀಮೇಶ ಅಲ್ಲಿಗೆ ಒಬ್ಬನೇ ಕಂಪ್ಯೂಟರ್ ಮನುಷ್ಯ. ಸಾಫ್ಟ್‌ವೇರ್ ಬರೆಯುವವನೂ ಅವನೇ, ಪ್ರಿಂಟರಿನಲ್ಲಿ ಸಿಕ್ಕ ಕಾಗದ ಎಳೆಯುವವನೂ ಅವನೇ, ಜನರೇಟರಿಗೆ ಡೀಸೆಲ್ ಹೊರುವವನೂ ಅವನೇ. ನೌಕರಿಯ ಆಯುಸ್ಸು ಮಾರ್ಚ್‌ವರೆಗೆ. ಅನುದಾನ ಬಂದರೆ ಮುಂದಿನ ಮಾತು. ಹೈದರಾಬಾದಿನ ಕಂಪನಿಯೊಂದು ಕರೆದಿತ್ತು, ಸೋಮವಾರದೊಳಗೆ ಉತ್ತರ ಕೊಡಬೇಕಿತ್ತು. ಆದರೆ ತಾನು ಬರೆದ ನಾಲ್ಕು ಸಾಲಿನಿಂದ ಯಾರದೋ ಹಟ್ಟಿಯ ಒಂದು ಮರಿ ಉಳಿಯಿತೆಂದರೆ, ಬೀರಪ್ಪನ ಗುಡಿಯಲ್ಲಿ ದೀಪ ಹಚ್ಚಿ ಬಂದಷ್ಟು ತಂಪು ಅವನ ಎದೆಗೆ. ಜೊತೆಗೆ ಊರೂರು ತಿರುಗಿ ಹೆಂಗಸರಿಗೆ ಇದನ್ನೆಲ್ಲ ಹೇಳಿಕೊಡುವ ಲಾವಣ್ಯ ಪ್ರತಿ ಗುರುವಾರ ವರದಿ ಕೊಡಲು ಬರುತ್ತಿದ್ದಳು. ಬುಧವಾರವೇ ಅವನು ಅಂಗಿಗೆ ಇಸ್ತ್ರಿ ಹಾಕಿಡುತ್ತಿದ್ದ.

ತಪ್ಪು ಎಲ್ಲಿದೆಯೆಂದು ಹುಡುಕಲು ಕರೆಗಳ ರೆಕಾರ್ಡಿಂಗ್ ಹಾಕಿ ಕೂತ.

"ಯವ್ವಾ ಲಾವಣ್ಯಾ," ಈಶಮ್ಮನ ದನಿ, "ಹೊತ್ತು ಹುಟ್ಟೂದ್ರಾಗೇ ಮಾತಾಡ್ಲಿಕತ್ತಿ, ಚಾ ಕುಡದಿ ಇಲ್ಲೋ? ಸೂಜಿ ಹಾಕ್ಸೀವಿ ತಗೋ."

ಮೋನಮ್ಮ ತನ್ನ ಮೊಣಕಾಲು ನೋವು ಹೇಳಿಕೊಂಡಿದ್ದಳು. ಹೀಗೇ ಒಬ್ಬರಾದ ಮೇಲೆ ಒಬ್ಬರು. ಮನೆಮಗಳು ಮಾತಾಡುವಾಗ ನಡುವೆ ಗುಂಡಿ ಒತ್ತುವುದು ಅವಳ ಬಾಯಿಗೆ ಕೈ ಅಡ್ಡ ಇಟ್ಟಂತೆ, ಯಾರು ಒತ್ತಿಯಾರು? ಎಲ್ಲರೂ ಬಾಯಿತುಂಬ ಉತ್ತರ ಕೊಟ್ಟಿದ್ದರು. ಕಂಪ್ಯೂಟರಿಗೆ ಮಾತ್ರ ಅದು ಸೊನ್ನೆಯಾಗಿ ಕಂಡಿತ್ತು. ಭೀಮೇಶ ನಕ್ಕ. ನಗುತ್ತಲೇ ನಾಚಿದ.

ಕೊನೆಯ ಕರೆ ಲಚ್ಚಮ್ಮನದು. "ಏ ಹುಡುಗಿ, ಆ ಕಂಪ್ಯೂಟರ್ ಹುಡುಗನ ಮುಂದ ಬಾಯಿ ಬಿಟ್ಟು ಹೇಳ್ದೇನು? ಇಲ್ಲ ನಮ್ಮ ಮುಂದೇ ಅವನ ಸುದ್ದಿ ಹೇಳ್ತಾ ಮುದುಕಿ ಆಗ್ತಿಯೇನು?"

ಶನಿವಾರ ಬಸ್ಸುಗಳಿರಲಿಲ್ಲ, ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಮುಷ್ಕರ. ಸಂಸ್ಥೆಯ ಹಳೆಯ ಲೂನಾ ಹತ್ತಿ ರಾಯಿಕೋಡಿಗೆ ಹೊರಟ. ದಾರಿಯಲ್ಲಿ ರಸ್ತೆಯ ಮೇಲೆಯೇ ಒಲೆ ಹೂಡಿ, ಅಡುಗೆ ಮಾಡಿ ಪ್ರತಿಭಟಿಸುತ್ತಿದ್ದ ಮುಷ್ಕರದವರು ತಡೆದರು. ಅವರ ಪಂಕ್ತಿಯಲ್ಲಿ ಕೂತು ಉಂಡ ಮೇಲೆಯೇ ದಾರಿ ಬಿಟ್ಟರು.

ಲಾವಣ್ಯ ಹಟ್ಟಿಯ ಬಾಗಿಲಲ್ಲಿ ಮರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಾಲಿನ ಮುಳ್ಳು ತೆಗೆಯುತ್ತಿದ್ದಳು. ಅವನನ್ನು ಕಂಡೂ ಕಾಣದವಳ ಹಾಗೆ, "ಇಲ್ಲಿ ಫ್ಯಾನ್ ಇಲ್ಲರಿ" ಎಂದಳು.

"ತಪ್ಪು ನಂದೇ ಅದರಿ. ಅವರು ಗುಂಡಿ ಜೋಡಿ ಅಲ್ಲ, ನಿಮ್ಮ ಜೋಡಿ ಮಾತಾಡ್ಯಾರ. ಇನ್ನ ಮ್ಯಾಲ ಒತ್ತೋದು ಬ್ಯಾಡ. ಅವರು ಹೇಳಿದ್ದನ್ನ ಕೇಳಿ ನಾನೇ ಬರಕೋತೀನಿ."

ಮುಳ್ಳು ಹಿಡಿದ ಬೆರಳು ನಿಂತಿತು. "ಎಲ್ಲಾರ ಮಾತೂ ಕೇಳಿದ್ರೇನು?"

"ನಲವತ್ತೆರಡೂ."

"ಲಚ್ಚಮ್ಮಕ್ಕಂದೂ?"

"ಅದು ಮೂರು ಸಲ."

ಅವಳ ಕಿವಿಯ ತುದಿ ಕೆಂಪಾಯಿತು. ತುಟಿಗೆ ಬಂದ ನಗುವನ್ನು ಮರಿಯ ಬೆನ್ನಿಗೆ ಮುಖ ಒತ್ತಿ ಮರೆಸಿಕೊಂಡಳು. "ಹೈದರಾಬಾದಿಗೆ ಹೋಗ್ತೀರಂತ ಆಫೀಸಿನ್ಯಾಗ ಸುದ್ದಿ ಅದ" ಎಂದಳು, ತಲೆ ಎತ್ತದೆ.

"ಬರೂದಿಲ್ಲ ಅಂತ ಬರದು ಕಳಿಸೀನಿ. ಈ ಕೆಲಸದಾಗ ನನಗ ಸುಖ ಅದ. ಆದ್ರ ಮಾರ್ಚ್ ದಾಟಿದ್ರ ನೌಕರಿ ಇರ್ತದೋ ಇಲ್ಲೋ ಆ ಬೀರಪ್ಪಗೇ ಗೊತ್ತು. ಇಂಥಾವನ ಕೈ ಹಿಡೀತೀರೇನು?"

ಲಾವಣ್ಯ ಈಗ ನೇರವಾಗಿ ನೋಡಿದಳು. "ನಮ್ಮಪ್ಪಗ ಮುಂದಿನ ಮಳಿ ಎಲ್ಲಿ ಬೀಳ್ತದಂತನೂ ಗೊತ್ತಿಲ್ರಿ. ಹುಲ್ಲಿದ್ದ ಕಡಿ ಕುರಿ ಹೊಡಕೊಂಡು ಹೋಗ್ತಾನ. ನಮ್ಮವ್ವ ಮೂವತ್ತು ವರ್ಷ ರೊಟ್ಟಿ ಗಂಟು ಕಟಗೊಂಡು ಅವನ ಹಿಂದೇ ನಡದಾಳ. ನಾನೂ ನಡೀತೀನಿ." ಕಣ್ಣಲ್ಲೇ ಚೇಷ್ಟೆ ತುಂಬಿಕೊಂಡು ಸೇರಿಸಿದಳು: "ಹಿಂದಲ್ಲ ಮತ್ತ. ಜೋಡಿ."

ಮರಿಯನ್ನು ಅವನ ತೋಳಿಗಿಟ್ಟು, ಅಪ್ಪನನ್ನು ಕರೆಯಲು ಒಳಗೆ ಹೋದಳು.