ಪಾಳಿ ಲಾಟರಿಯ ಮೂವತ್ತು ಒಂದುಗಳು

2025ರ ನವೆಂಬರ್ 10, ಸೋಮವಾರ ಬೆಳಿಗ್ಗೆ 10.40ಕ್ಕೆ ಮರಿಯಮ್ಮನಹಳ್ಳಿಯ ತಾಯಕ್ಕ, ವಯಸ್ಸು 52, ಹೊಸಪೇಟೆಯ ಠಾಣೆಗೆ ಬಂದು ತನ್ನ ಲಾರಿಗೆ ಎಂಬತ್ತು ದಿನದಿಂದ ಸಂಘದ ಲಾಟರಿಯಲ್ಲಿ ಲೋಡಿನ ಪಾಳಿ ಬಂದಿಲ್ಲವೆಂದು ದೂರು ಹೇಳಿದಳು. ಠಾಣೆಗೆ ಹೊಡೆದಾಟದವರು ಬರುತ್ತಾರೆ, ಬೈಕು ಕಳೆದುಕೊಂಡವರು ಬರುತ್ತಾರೆ. ಅದೃಷ್ಟ ಕೈಕೊಟ್ಟಿತೆಂದು ಬಂದವರು ಈಕೆಯೇ ಮೊದಲು. ಇನ್‌ಸ್ಪೆಕ್ಟರ್ ಲಿಂಗರಾಜ್ ಬಿಚ್ಚಿದ ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿದರು.

"ಲಾಟರಿ ಅಂದಮ್ಯಾಲೆ ಕೆಲವರಿಗೆ ಬರತೈತಿ, ಕೆಲವರಿಗೆ ಬರಂಗಿಲ್ಲವ್ವಾ."

"ಎಂಬತ್ತು ದಿನನಾ ಸಾಹೇಬ್ರ? ಇನ್ನ ಹತ್ತು ದಿನ ಹಿಂಗಾ ಹೋದ್ರ ಸಂಘದಾಗಿಂದ ನನ್ನ ಹೆಸರು ತಗೀತಾರ."

ತಾಯಕ್ಕನ ಗಂಡ ದುರುಗಣ್ಣ ತೀರಿ ಎರಡು ವರ್ಷವಾಗಿತ್ತು. ಬಿಟ್ಟುಹೋದದ್ದು ಒಂದು ಲಾರಿ ಮತ್ತು ಅದಿರು ಲಾರಿ ಮಾಲೀಕರ ಸಂಘದ 847ನೇ ಸದಸ್ಯತ್ವ. ಸಂಘದಲ್ಲಿ 999 ಲಾರಿಗಳು. ಭಾನುವಾರ ಬಿಟ್ಟು ದಿನಾ ಸಂಜೆ ಐದಕ್ಕೆ ಹೊಸಪೇಟೆಯ ಸಂಘದ ಕಚೇರಿಯಲ್ಲಿ ಡ್ರಮ್ ತಿರುಗಿಸಿ, ಸದಸ್ಯತ್ವದ ಸಂಖ್ಯೆ ಬರೆದ ನೂರು ತಗಡಿನ ಬಿಲ್ಲೆ ಎತ್ತುತ್ತಾರೆ. ಆ ನೂರು ಲಾರಿಗಳು ಮರುದಿನ ಸಂಡೂರಿನ ಗಣಿಗೆ ಹೋಗಿ ಲೋಡು ಹೊರುತ್ತವೆ. ಸತತ ತೊಂಬತ್ತು ದಿನ ಲೋಡು ಮಾಡದ ಲಾರಿಯ ಸದಸ್ಯತ್ವ ರದ್ದು. ಹೊರಗೆ ಕಾಯುವವರ ಪಟ್ಟಿ ದೊಡ್ಡದಿದೆ. ತಾಯಕ್ಕನ ಗಡುವು ನವೆಂಬರ್ 20, ಗುರುವಾರ.

"ಲಾರಿ ಮಾರಿಬಿಡ್ರಿ ಅಂತಾರ ಎಲ್ಲಾರೂ. ದಿನಾ ಮುಂಜಾನೆ ಪಕ್ಕದ ಮನಿ ಹುಡುಗನ್ನ ಕರೆದು ಸ್ಟಾರ್ಟ್ ಮಾಡಸ್ತೀನ್ರಿ. ಐದು ನಿಮಿಷ ಸಪ್ಪಳ ಕೇಳ್ತೀನಿ, ಬಂದ್ ಮಾಡಸ್ತೀನಿ. ಆತ ಮನಿಗೆ ಬಂದ ಸಪ್ಪಳ ಅದು. ಹೆಂಗ್ ಮಾರಲಿ?"

ಲಿಂಗರಾಜ್ ಅರ್ಜಿ ತೆಗೆದುಕೊಂಡು ಬಾಗಿಲ ಬಳಿ ನಿಂತಿದ್ದ ಕಾನ್‌ಸ್ಟೇಬಲ್ ಯಶೋಧರಾಳತ್ತ ನೋಡಿದರು. "ನಿಮ್ಮ ಸಬ್ಜೆಕ್ಟ್ ಬಂತು ನೋಡ್ರಿ, ಗಣಿತ ಮೇಡಂ."

ಠಾಣೆಯಲ್ಲಿ ಆ ಹೆಸರು ಚೇಷ್ಟೆಗೆ ಇಟ್ಟದ್ದು. ಯಶೋಧರಾ ಸಂಖ್ಯಾಶಾಸ್ತ್ರ ಓದಿದವಳು. ಎಂಎಸ್ಸಿಗೆ ಸೀಟು ಸಿಕ್ಕ ವಾರವೇ ಪೊಲೀಸ್ ನೇಮಕಾತಿ ಪತ್ರವೂ ಬಂದಿತ್ತು. ಅಪ್ಪ ಕಂಪ್ಲಿಯ ಗದ್ದೆಗಳಲ್ಲಿ ಕೂಲಿ ಮಾಡಿದ ಮನುಷ್ಯ, ಎರಡು ಪತ್ರಗಳನ್ನೂ ಪಕ್ಕಪಕ್ಕ ಇಟ್ಟು ನೋಡುತ್ತ ಕೂತಿದ್ದ. ಏಳು ವರ್ಷದ ಹಿಂದಿನ ಮಾತು. ಈಗಲೂ ಕಾಲೇಜಿನ ಮುಂದೆ ಬಂದೋಬಸ್ತ್ ಬಿದ್ದರೆ ಅವಳ ಕಣ್ಣು ಕಿಟಕಿಯೊಳಗಿನ ಕರಿಹಲಗೆ ಹುಡುಕುತ್ತದೆ.

ನವೆಂಬರ್ 11ರಂದು ಅವಳು ಸಂಘಕ್ಕೆ ಹೋಗಿ ಮೂರು ತಿಂಗಳ ಪಾಳಿ ರಿಜಿಸ್ಟರಿನ ಜೆರಾಕ್ಸ್ ತಂದಳು. ಅಧ್ಯಕ್ಷ ಕೆಂಚಣ್ಣ ಬುಸುಗುಟ್ಟಿದ. "ಬೈಲಾ ಅಂದ್ರ ಬೈಲಾ. ಮೋಸ ಆಗೇತಂತ ಬರದು ಕೊಡ್ರಿ, ಎಲ್ಲಾ ರದ್ದು ಮಾಡ್ತೀನಿ. ಇಲ್ಲಾಂದ್ರ ಇಪ್ಪತ್ತಕ್ಕ ಆಕಿ ಹೆಸರು ಹೋಗತೈತಿ." ಲಾಟರಿ ಎತ್ತುವ ಗುಮಾಸ್ತ ಜಂಬುನಾಥ್, ನಲವತ್ತೈದರ ತೆಳ್ಳನೆಯ ಆಸಾಮಿ, ಹಾಳೆಗಳನ್ನು ತಾನೇ ಜೋಡಿಸಿ ದಾರ ಕಟ್ಟಿ ಕೊಟ್ಟ. ಅಕ್ಷರ ಮುತ್ತಿನಂತಿತ್ತು.

ಮೊದಲ ಲೆಕ್ಕ ತಾಯಕ್ಕನ ಕೈಹಿಡಿಯಲಿಲ್ಲ. ಪ್ರಾಮಾಣಿಕ ಲಾಟರಿಯಲ್ಲೂ ಸಾವಿರಕ್ಕೆ ಒಂದು ಲಾರಿಗೆ ಇಂಥ ಗ್ರಹಚಾರ ಬರಬಹುದು, ಸಂಘದಲ್ಲಿದ್ದದ್ದೇ ಹತ್ತಿರಹತ್ತಿರ ಸಾವಿರ ಲಾರಿ. ಆಮೇಲೆ ಯಶೋಧರಾ ಪ್ರತಿ ಸಂಖ್ಯೆಯ ಮೊದಲ ಅಂಕಿ ಎಣಿಸಿದಳು. ಒಂದರಿಂದ ಶುರುವಾಗುವವು ನೂರಕ್ಕೆ ಮೂವತ್ತು. ಎರಡರಿಂದ ಹದಿನೆಂಟು. ಹೀಗೆ ಇಳಿಯುತ್ತ ಒಂಬತ್ತಕ್ಕೆ ಬರುವಾಗ ನಾಲ್ಕೇ ನಾಲ್ಕು. ಅವಳು ಕಾಲೇಜಿನ ಕೊನೆಯ ವರ್ಷ ಓದಿದ ನಿಯಮ ಇದು. ಊರುಗಳ ಜನಸಂಖ್ಯೆ, ಕರೆಂಟ್ ಬಿಲ್ಲು, ಅಂಗಡಿಯ ಲೆಕ್ಕ, ಯಾವುದನ್ನು ತೆಗೆದುಕೊಂಡರೂ ಒಂದರಿಂದ ಶುರುವಾಗುವ ಸಂಖ್ಯೆಗಳೇ ಹೆಚ್ಚು, ಒಂಬತ್ತರವು ಕಡಿಮೆ. ಸುಳ್ಳು ಲೆಕ್ಕ ಬರೆಯುವವರು ಎಲ್ಲ ಅಂಕಿಗಳನ್ನೂ ಸಮನಾಗಿ ಹಂಚಿ ಸಿಕ್ಕಿಬೀಳುವುದು ಇಲ್ಲಿಯೇ. 13ನೇ ತಾರೀಕು ಅವಳು ವರದಿ ಕೊಟ್ಟಳು: ರಿಜಿಸ್ಟರ್ ನಿಯಮಕ್ಕೆ ಸರಿಯಾಗಿದೆ, ಸಂಶಯಕ್ಕೆ ಆಸ್ಪದವಿಲ್ಲ.

ಏಳು ವರ್ಷದ ಮೇಲೆ ಹಳೆಯ ಪಾಠ ಕೈಗೆ ಸಿಕ್ಕ ಖುಷಿಯಲ್ಲಿ ಅವಳು ಒಂದು ಪ್ರಶ್ನೆ ಕೇಳಿಕೊಳ್ಳುವುದನ್ನೇ ಮರೆತಿದ್ದಳು. ಪ್ರೀತಿಯಿದ್ದಲ್ಲಿ ಇಂಥ ಮರೆವು ಸಹಜ, ಆದರೆ ಇಲ್ಲಿ ತಾಯಕ್ಕನ ಎರಡು ದಿನ ಹಾಳಾದವು.

15ರ ಶನಿವಾರ ಅರ್ಜಿ ಮುಕ್ತಾಯದ ಸಹಿಗೆಂದು ಸಂಘದ ಕಚೇರಿಗೆ ಹೋದಾಗ ಜಂಬುನಾಥ್ ಊಟಕ್ಕೆ ಹೋಗಿದ್ದ. ಕೆಂಚಣ್ಣ ಲಾಟರಿ ಎತ್ತುವ ಕೋಣೆ ತೋರಿಸಿದ. ಡ್ರಮ್ಮಿನ ಹಿಡಿಕೆಯಿಂದ ಗೋಡೆಗೆ ಜೇಡರ ಬಲೆ ಕಟ್ಟಿತ್ತು. ದಿನಾ ತಿರುಗುವ ಡ್ರಮ್ಮಿಗೆ ಬಲೆ ಎಲ್ಲಿಂದ ಬಂತು? ಯಶೋಧರಾ ಕೆಂಚಣ್ಣನಿಂದ ಬೀಗ ತೆಗೆಸಿ ಬಿಲ್ಲೆಗಳನ್ನೆಲ್ಲ ಚಾಪೆಯ ಮೇಲೆ ಸುರಿಸಿದಳು. ಜೊತೆಗೆ ಬಂದಿದ್ದ ಕಾನ್‌ಸ್ಟೇಬಲ್ ಪಂಪೇಶ್‌ನನ್ನು ಕೂರಿಸಿಕೊಂಡು ಮೊದಲ ಅಂಕಿಯ ಪ್ರಕಾರ ಗುಂಪು ಮಾಡಿದಳು.

"ಎಷ್ಟಾದ್ವು?"

"ಒಂದರವು ನೂರಾ ಹನ್ನೊಂದು, ಮೇಡಂ."

"ಎಂಟರವು?"

"ಅವೂ ನೂರಾ ಹನ್ನೊಂದಾ. ಒಂಬತ್ತು ಗುಂಪೂ ಸಮಾ ಅದಾವ."

ಯಶೋಧರಾ ತಲೆಯ ಮೇಲೆ ಕೈಹೊತ್ತು ಕೂತಳು. ಜನಸಂಖ್ಯೆ ಬೆಳೆಯುತ್ತದೆ, ಬಿಲ್ಲು ಏರುತ್ತದೆ. ತಗಡಿನ ಬಿಲ್ಲೆ ಏನು ಬೆಳೆಯುತ್ತದೆ? ಡ್ರಮ್ಮಿನೊಳಗೆ ಒಂದಕ್ಕೂ ಎಂಟಕ್ಕೂ ಸಮಪಾಲು. ನಿಜವಾಗಿ ಎತ್ತಿದ್ದರೆ ಪ್ರತಿ ಅಂಕಿಯೂ ನೂರಕ್ಕೆ ಹನ್ನೊಂದರ ಆಸುಪಾಸು ಬರಬೇಕಿತ್ತು. ಅವಳು ಒಳ್ಳೆಯದೆಂದು ಸರ್ಟಿಫಿಕೇಟ್ ಕೊಟ್ಟ ಮೂವತ್ತೇ ಮೋಸದ ಗುರುತು. ಹಾಳೆಗಳನ್ನು ಮತ್ತೆ ಬಿಚ್ಚಿ ಒಂದೊಂದೇ ದಿನ ಎಣಿಸಿದಳು. ಆಗಸ್ಟ್ 23ಕ್ಕೆ ಒಂದರವು ಮೂವತ್ತು. 25ಕ್ಕೆ ಮೂವತ್ತು. 26ಕ್ಕೂ ಮೂವತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹಳೆಯ ಪುಸ್ತಕ ತರಿಸಿದಳು. ಜೂನ್ 30ರವರೆಗೆ ಒಂಬತ್ತು, ಹದಿನಾಲ್ಕು, ಹನ್ನೊಂದು ಎಂದು ಏರಿಳಿಯುತ್ತಿದ್ದ ಲೆಕ್ಕ ಜುಲೈ 1ರಿಂದ ಮೂವತ್ತಕ್ಕೆ ನಿಂತುಬಿಟ್ಟಿತ್ತು.

"ತಪ್ಪು ನನ್ನದು ಸರ್," ಎಂದಳು ಲಿಂಗರಾಜ್ ಮುಂದೆ. "ಜಂಬುನಾಥ್ ಲಾಟರಿ ಎತ್ತಿಲ್ಲ. ಕೂತು ಬರದಾನ. ಬರೆಯಾಕ ಆ ನಿಯಮದ ಪಟ್ಟಿ ಮುಂದ ಇಟ್ಕೊಂಡಾನ."

"ಯಾಕ?"

"ಯಾರರ ಪರೀಕ್ಷೆ ಮಾಡಿದ್ರ ಖರೆ ಕಾಣಲಿ ಅಂತ. ನನ್ನಂಥಾಕಿ ಸಿಕ್ಕಿದ್ಲು, ಖರೆ ಅಂದೂಬಿಟ್ಟೆ."

ಲಿಂಗರಾಜ್ ನಗಲಿಲ್ಲ. ಅದೇ ದಿನ ಮಧ್ಯಾಹ್ನ 4.15ಕ್ಕೆ ವಂಚನೆ ಮತ್ತು ಲೆಕ್ಕಪತ್ರ ಸುಳ್ಳಾಗಿಸಿದ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಪಂಚರ ಸಮಕ್ಷಮ ಪಂಚನಾಮೆ ಮಾಡಿ ಡ್ರಮ್, 999 ಬಿಲ್ಲೆ, ಎರಡು ರಿಜಿಸ್ಟರ್ ಜಪ್ತಿ ಮಾಡಿದರು. ರಿಜಿಸ್ಟರಿಗೆ ದಿನಾ ಸಹಿ ಹಾಕಬೇಕಿದ್ದ ಇಬ್ಬರು ಸದಸ್ಯರು ಸೋಮವಾರವೇ ಇಡೀ ವಾರದ ಖಾಲಿ ಹಾಳೆಗಳಿಗೆ ಸಹಿ ಹಾಕಿ ಹೋಗುತ್ತಿದ್ದುದು ಹೇಳಿಕೆಯಲ್ಲಿ ಹೊರಬಿತ್ತು. ಒಂದೂವರೆ ಗಂಟೆ ಕೂತು ಬಿಲ್ಲೆ ನೋಡುವ ತಾಳ್ಮೆ ಯಾರಿಗಿದೆ? ಸಂಜೆ ಆರೂವರೆಗೆ ಪಟ್ಟಿ ವಾಟ್ಸ್ಯಾಪ್ ಗುಂಪಿಗೆ ಬಂದರೆ ಸಾಕಿತ್ತು.

ಲಂಚದ ಜಾಡು ಹುಡುಕಿದ್ದಾಯಿತು. ಜಂಬುನಾಥನ ಬ್ಯಾಂಕ್ ಖಾತೆಯಲ್ಲಿ ಸಂಬಳ ಬಿಟ್ಟರೆ ಬೇರೇನೂ ಇರಲಿಲ್ಲ. ಹೆಚ್ಚು ಪಾಳಿ ಸಿಕ್ಕ ಮಾಲೀಕರಿಗೆ ಅವನ ಪರಿಚಯವೂ ಇರಲಿಲ್ಲ. 17ಕ್ಕೆ ಸಂಜೆ ಐದೂವರೆಗೆ ಠಾಣೆಗೆ ಬರಬೇಕೆಂದು ನೋಟಿಸ್ ಕೊಟ್ಟರು, ಬರಲಿಲ್ಲ. 18ಕ್ಕೂ ಅದೇ ಹೊತ್ತಿಗೆ ಕೊಟ್ಟರು, ಬರಲಿಲ್ಲ. ಲಿಂಗರಾಜ್ ಕೆರಳಿದರು. ಅಷ್ಟರಲ್ಲಿ ಅವನ ಮೊಬೈಲಿನ ಟವರ್ ವಿವರ ಬಂತು. ಜುಲೈ 1ರಿಂದ ಭಾನುವಾರ ಬಿಟ್ಟು ಪ್ರತಿ ಸಂಜೆ, ಡ್ರಮ್ ತಿರುಗಬೇಕಾದ ಹೊತ್ತಿನಲ್ಲಿ, ಮೊಬೈಲು ಮೂವತ್ತು ಕಿಲೋಮೀಟರ್ ಆಚೆಯ ಕಂಪ್ಲಿಯಲ್ಲಿತ್ತು.

ನವೆಂಬರ್ 19, ಬುಧವಾರ. ಯಶೋಧರಾ ಮತ್ತು ಪಂಪೇಶ್ ಮಫ್ತಿಯಲ್ಲಿ ಕಂಪ್ಲಿಗೆ ಹೊರಟರು. ಕಮಲಾಪುರದಲ್ಲಿ ಹಂಪಿ ನೋಡಿ ಬಂದ ಪ್ರವಾಸಿಗರ ಗಾಡಿಗಳು ರಸ್ತೆ ತುಂಬಿದ್ದವು. ಮುಂದೆ ಭತ್ತದ ಕೊಯ್ಲು ನಡೆದಿತ್ತು. 5.45ಕ್ಕೆ ಜಂಬುನಾಥ್ ಬಸ್ಸಿನಿಂದಿಳಿದು ಒಂದು ಟ್ಯೂಷನ್ ಮನೆಯ ಎದುರು, ಹಾಲಿನ ಅಂಗಡಿಯ ಕಂಬದ ಮರೆಗೆ ನಿಂತ. ಕೂದಲು ಬಾಚಿಕೊಂಡ. ಅಂಗಿಯ ಕಾಲರು ಸರಿ ಮಾಡಿಕೊಂಡ.

"ಹಿಡಿಯೂನಾ ಮೇಡಂ?"

"ತಡಿ."

ಆರು ಗಂಟೆಗೆ ಹುಡುಗಿಯರ ಗುಂಪು ಹೊರಬಂತು. ಎರಡು ಜಡೆಯ, ಹದಿಮೂರರ ಹುಡುಗಿಯೊಬ್ಬಳು ಸೈಕಲ್ ಹಿಡಿದು ಗೆಳತಿಯರೊಂದಿಗೆ ಏನೋ ಹೇಳಿ ನಕ್ಕಳು. ಕಂಬದ ಮರೆಯಲ್ಲಿ ಜಂಬುನಾಥನೂ ನಕ್ಕ. ಹುಡುಗಿ ಸೈಕಲ್ ಹತ್ತಿ ಅಕ್ಕಿ ಗಿರಣಿಯ ತಿರುವಿನಲ್ಲಿ ಮರೆಯಾದಳು. ಅವನು ಆ ತಿರುವನ್ನೇ ನೋಡುತ್ತ ನಿಂತ. ಯಶೋಧರಾ ಆಮೇಲೆ ರಸ್ತೆ ದಾಟಿದಳು. ದಸ್ತಗಿರಿ ಸಮಯ 6.12.

"ಯಾಕ್ ಕಾದ್ವಿ ಮೇಡಂ?" ಪಂಪೇಶ್ ಕೇಳಿದ.

"ರಸ್ತೆ ಖಾಲಿ ಆಗ್ಲಿ ಅಂತ."

ರಸ್ತೆ ಎಷ್ಟು ತುಂಬಿತ್ತೋ ಅಷ್ಟೇ ತುಂಬಿತ್ತು.

ಜೀಪಿನಲ್ಲಿ ಪ್ರಶ್ನೆಗಳು ಶುರುವಾದವು.

"ಆ ಹುಡುಗಿ ಯಾರು?"

"ಮಗಳ್ರಿ."

"ಮನಿಗೆ ಹೋಗಿ ನೋಡಬಹುದಿತ್ತಲ್ಲಾ."

"ಕೋರ್ಟು ತಿಂಗಳಿಗೊಂದು ಭಾನುವಾರ ಕೊಟ್ಟೈತ್ರಿ. ಆಕಿನಾ ಹೊರಗ ಬರವಲ್ಲಳು. ಒಂದ್ಸಲ ಆಕಿ ಕಣ್ಣ ಮುಂದ ಅವರವ್ವನ್ನ ಹೊಡದೆ ಮೇಡಂ. ಒಂದಾ ಸಲ. ಅವತ್ತಿಂದ ನನ್ನ ಮುಖ ನೋಡಂಗಿಲ್ಲ ಅಂದಾಳ. ಆಕಿ ನೋಡೋದು ಬ್ಯಾಡ, ನಾನಾರ ನೋಡ್ತೀನಿ ಅಂತ ಬರತಿದ್ದೆ."

"ಆ ಪಟ್ಟಿ ಯಾರು ಕಲಿಸಿದ್ರು?"

"ಹಿಂದ ಬಂದಿದ್ದ ಆಡಿಟರು ಚಾ ಕುಡಕೋತ ಹೇಳಿದ್ರು ಮೇಡಂ, ಖರೆ ಲೆಕ್ಕದಾಗ ಒಂದು ಜಾಸ್ತಿ ಇರತಾವಂತ. ಪಟ್ಟಿನೂ ಬರಕೊಟ್ರು. ಯಾರಿಗೂ ಮೋಸ ಅನಸಬಾರದಂತ ನೂರಕ್ಕ ನೂರು ಹಂಗಾ ಬರದೆ."

"ಎಂಟು ಒಂಬತ್ತರವರ ಗತಿ ಏನಂತ ಯೋಚನೆ ಮಾಡಲಿಲ್ಲಾ?"

ಅವನು ಕಮಲಾಪುರ ದಾಟಿದ ಮೇಲೆ ಮೆಲ್ಲಗೆ ಕೇಳಿದ, "ನೀವು ಹಿಡಿಯೋವಾಗ ಆಕಿ ನನ್ನ ನೋಡಿದ್ಲೇನ್ರಿ?"

"ಇಲ್ಲ."

ಅವನಿಗೆ ನೆಮ್ಮದಿಯಾಗಬಹುದೆಂದು ಯಶೋಧರಾ ಎಣಿಸಿದ್ದಳು. ಅವನ ಮುಖ ಬಾಡಿತು. ಅವಳು ಕಿಟಕಿಯತ್ತ ತಿರುಗಿದಳು.

ಮರುದಿನ, ನವೆಂಬರ್ 20, ಬೆಳಿಗ್ಗೆ ಹನ್ನೊಂದಕ್ಕೆ ಕೆಂಚಣ್ಣ ಸಂಘದ ನಡಾವಳಿ ತಂದುಕೊಟ್ಟ. ಜುಲೈ 1ರಿಂದ ಎತ್ತಿದ ಪಾಳಿಗಳೆಲ್ಲ ರದ್ದು. ಯಾರ ಸದಸ್ಯತ್ವವೂ ಹೋಗುವುದಿಲ್ಲ. 847 ಉಳಿಯಿತು. ತಾಯಕ್ಕ ನಡಾವಳಿಯನ್ನು ಯಶೋಧರಾಳಿಂದ ಎರಡು ಸಲ ಓದಿಸಿಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಸಿಟ್ಟು ಬಂತು.

"ಎಷ್ಟು ರೊಕ್ಕ ತಿಂದಾನವಾ?"

"ಒಂದು ರೂಪಾಯಿನೂ ತಿಂದಿಲ್ಲಮ್ಮಾ."

ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ 'ಹಣಕಾಸಿನ ಲಾಭ ಕಂಡುಬಂದಿಲ್ಲ' ಎಂದಷ್ಟೇ ಬರೆದು ಉಳಿದದ್ದನ್ನು ಯಶೋಧರಾಳಿಗೆ ಬಿಟ್ಟಿದ್ದರು. ಅವಳು ಬರೆದದ್ದನ್ನೇ ತಾಯಕ್ಕನಿಗೆ ಹೇಳಿದಳು. ಲಾಟರಿ ಎತ್ತುವ ಆ ಒಂದೂವರೆ ಗಂಟೆಯಲ್ಲಿ ಅವನಿಗೆ ಕಂಪ್ಲಿಗೆ ಹೋಗಿ ದೂರದಿಂದ ಮಗಳನ್ನು ನೋಡಬೇಕಿತ್ತು, ಬೇರೇನೂ ಅಲ್ಲ.

ತಾಯಕ್ಕ ಬೆಂಚಿನ ಮೇಲೆ ಕೂತು ನಡಾವಳಿಯ ಹಾಳೆ ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು.

"ಹುಚ್ಚ ಅದಾನ," ಎಂದಳು ಕೊನೆಗೆ. "ನನಗ ಒಂದು ಮಾತು ಹೇಳಿದ್ರ ನಾನಾ ದಿನಾ ಸಂಜಿಕೆ ಬಂದು ಆ ಡ್ರಮ್ ತಿರುವತಿದ್ದೆ. ನನಗೇನ್ ಮನ್ಯಾಗ ಯಾರರ ದಾರಿ ಕಾಯ್ತಾರಾ?"