ರಮ್ಯಕ್ಕನ ಬಿಸಿನೀರು

ಮಹಾದೇವಸ್ವಾಮಿಗಳು ತಮ್ಮ ಮನೆಯ ಗೀಸರನ್ನು ತಾವೇ ರಿಪೇರಿ ಮಾಡಿಕೊಂಡದ್ದಕ್ಕೆ ರಿಪೇರಿ ಅಂಗಡಿಯ ನಂಜೇಶನಿಗೆ ಅಷ್ಟೇನೂ ಸಿಟ್ಟು ಬಂದಿರಲಿಲ್ಲ. ಆ ಕೆಲಸಕ್ಕೆ ಅವನದೇ ಸ್ಪ್ಯಾನರನ್ನು ಎರವಲು ಕೇಳಿದ್ದರಲ್ಲ, ಅದು ಮಾತ್ರ ಹೊಟ್ಟೆಯೊಳಗೆ ಕಲ್ಲಿನ ಹಾಗೆ ಕೂತುಬಿಟ್ಟಿತ್ತು.

ಅವರು ಇದೇ ನಂಜನಗೂಡಿನಲ್ಲಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ನೀರು ಕಾಯುತ್ತಿಲ್ಲ ಎಂದು ಬೆಳಿಗ್ಗೆ ಕರೆಸಿಕೊಂಡರು. ನಂಜೇಶ ಸ್ಟೂಲು ಹತ್ತಿ, ಬೋರ್‌ವೆಲ್ ನೀರಿನ ಸುಣ್ಣ ಕಾಯಿಲಿಗೆ ಕಟ್ಟಿಕೊಂಡಿದೆ, ಬಿಚ್ಚಿ ಕೆರೆದು ಹೊಸ ರಬ್ಬರ್ ರಿಂಗ್ ಹಾಕಿದರೆ ಸರಿಹೋಗುತ್ತದೆ ಎಂದ. ಮೇಷ್ಟ್ರು ಕಾಫಿ ಕೊಟ್ಟರು.

"ಅಷ್ಟೇನಾ? ಅದನ್ನೆಲ್ಲ ಈಗ ಮೊಬೈಲ್‌ನಲ್ಲೇ ತೋರಿಸ್ತಾರಪ್ಪ. ನಾನೇ ಮಾಡ್ಕೋತೀನಿ ಬಿಡು. ನಿನ್ನ ಸ್ಪ್ಯಾನರ್ ಒಂದು ಇಟ್ಟುಹೋಗು, ಸಾಯಂಕಾಲ ಕಳಿಸ್ಕೊಡ್ತೀನಿ."

ಸ್ಪ್ಯಾನರ್ ವಾಪಸ್ಸು ಬಂತು, ಸುಣ್ಣ ಮೆತ್ತಿಕೊಂಡು. ಮಾರನೆಯ ದಿನ ಟೀ ಅಂಗಡಿಯ ಮುಂದೆ ಮೇಷ್ಟ್ರು ನಾಲ್ಕು ಜನಕ್ಕೆ ಕೇಳುವಂತೆ, "ಈ ರಿಪೇರಿಯೋರು ಇಷ್ಟು ವರ್ಷ ನಮ್ಮನ್ನ ಹೆಂಗೆ ಯಾಮಾರಿಸ್ತಿದ್ರು ಗೊತ್ತಾ?" ಎಂದರು. ಕೇಳಿದವರು ತಲೆಯಾಡಿಸಿದರು. ಆಮೇಲೆ ಅವರೂ ಒಬ್ಬೊಬ್ಬರಾಗಿ ಮೊಬೈಲು ಹಿಡಿದು ಸ್ಟೂಲು ಹತ್ತತೊಡಗಿದರು. ನಂಜೇಶನ ಅಂಗಡಿಗೆ ಬರುವವರು ಈಗ ರಿಂಗ್ ಮಾತ್ರ ಕೊಂಡುಕೊಂಡು, ಅದನ್ನು ಯಾವ ಕಡೆಯಿಂದ ಹಾಕಬೇಕು ಎಂದು ಪುಕ್ಕಟೆಯಾಗಿ ಕೇಳಿ ಹೋಗುತ್ತಿದ್ದರು.

ಅಪ್ಪನ ಕಾಲದಿಂದ ನಡೆಸಿಕೊಂಡು ಬಂದ ಅಂಗಡಿ. ಒಂದು ದಿನವೂ ಅವನು ಯಾರಿಗೂ ಮೋಸ ಮಾಡಿರಲಿಲ್ಲ. ಆದರೂ ಮೋಸಗಾರ ಎಂಬ ಹೆಸರು ಬಂದಾಗಿತ್ತು. ಇನ್ನು ಮೋಸ ಮಾಡುವುದೊಂದು ಬಾಕಿ ಇತ್ತು.

ಅವನು ಅವಸರ ಮಾಡಲಿಲ್ಲ. ಜನ ಮೊಬೈಲನ್ನು ನಂಬುತ್ತಾರೆ. ಹಾಗಿದ್ದ ಮೇಲೆ ಮೊಬೈಲಿನೊಳಗೇ ಕೂರಬೇಕು. ವಿಡಿಯೋ ಪೂರಾ ಸುಳ್ಳಾದರೆ ಸಿಕ್ಕಿಬೀಳುತ್ತದೆ. ಎಲ್ಲವೂ ಸರಿಯಿರಬೇಕು, ಒಂದನ್ನು ಬಿಟ್ಟು. ಆ ಒಂದನ್ನು ಅವನು ಬಹಳ ಮುತುವರ್ಜಿಯಿಂದ ಆರಿಸಿದ. ಯಾರಿಗೂ ಶಾಕ್ ಹೊಡೆಯಬಾರದು, ಆ ಪಾಪ ಬೇಡ. ಅದಕ್ಕಾಗಿ ಮೊದಲು ಮೇನ್ ಸ್ವಿಚ್ ಆರಿಸುವುದನ್ನು ಎರಡೆರಡು ಸಲ ಹೇಳುವುದು. ನೀರು ಖಾಲಿ ಮಾಡುವುದು, ಕಾಯಿಲ್ ಬಿಚ್ಚುವುದು, ನಿಂಬೆರಸದಲ್ಲಿ ನೆನೆಹಾಕಿ ಸುಣ್ಣ ಬಿಡಿಸುವುದು, ಎಲ್ಲವೂ ಅಪ್ಪ ಕಲಿಸಿದ ಹಾಗೆಯೇ. ಕೊನೆಗೆ ಒಂದು ಮನೆಮದ್ದು: ಹೊಸ ರಿಂಗಿಗೆ ದುಡ್ಡು ದಂಡ ಮಾಡಬೇಡಿ, ಹಳೆಯದಕ್ಕೇ ಚೆನ್ನಾಗಿ ಕೊಬ್ಬರಿ ಎಣ್ಣೆ ಸವರಿ ಕೂರಿಸಿ. ಎಣ್ಣೆ ಕುಡಿದ ರಬ್ಬರು ಕೆಲವು ದಿನ ಪಳಪಳ ಹೊಳೆಯುತ್ತದೆ. ಆಮೇಲೆ ಉಬ್ಬಿ, ಮೆತ್ತಗಾಗಿ, ತೊಟತೊಟ ಸೋರತೊಡಗುತ್ತದೆ. ಅಷ್ಟು ಹೊತ್ತಿಗೆ ಎಲ್ಲವನ್ನೂ ಬಿಚ್ಚಿ ಜೋಡಿಸಿದ ಯಜಮಾನನಿಗೆ ತಪ್ಪು ಎಲ್ಲಾಯಿತೋ ತಿಳಿಯುವುದಿಲ್ಲ. ಹೆಂಡತಿಯ ಮುಂದೆ ಇನ್ನೊಂದು ಸಲ ಸ್ಟೂಲು ಹತ್ತುವ ಧೈರ್ಯವೂ ಉಳಿದಿರುವುದಿಲ್ಲ.

ಹೆಂಡತಿ ಅರ್ಪಿತ ತವರಿಗೆ ಹೋದ ದಿನ ನೋಡಿ ಮನೆಯ ಬಚ್ಚಲಲ್ಲೇ ಚಿತ್ರೀಕರಣ ಇಟ್ಟುಕೊಂಡ. ಅಂಗಡಿಯ ನೀಲಿ ಗೋಡೆಯನ್ನು ಊರೆಲ್ಲ ಬಲ್ಲದು. ಇಲ್ಲಿ ಹಿಂದಕ್ಕೆ ಬಿಳಿ ಪಂಚೆ ಕಟ್ಟಿದ. ಕೈಗೆ ಪಾತ್ರೆ ತಿಕ್ಕುವ ಹಳದಿ ಗ್ಲೌಸು ಹಾಕಿದ. ದನಿ ದೊಡ್ಡ ತೊಡಕು. ಅವನು ಕೆಮ್ಮಿದರೂ ಗುರುತಿಸುವ ಜನ ಊರಲ್ಲಿದ್ದರು. ಅದಕ್ಕೆ ಬರೆದದ್ದನ್ನು ಓದಿಹೇಳುವ ಆ್ಯಪೊಂದನ್ನು ಹುಡುಕಿದ. ಅದರಲ್ಲಿ ಗಂಡಸಿನ ದನಿ ಸತ್ತವರ ಸುದ್ದಿ ಓದಿದ ಹಾಗಿತ್ತು. ಹೆಂಗಸಿನ ದನಿ ಮಾತ್ರ ಇಂಪಾಗಿ, ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ ಹೇಳಿದ ಹಾಗಿತ್ತು. ಅದನ್ನೇ ಆರಿಸಿ, 'ರಮ್ಯಕ್ಕನ ಮನೆಗೆಲಸ' ಎಂದು ಹೆಸರಿಟ್ಟ. ಹೆಂಗಸು ಎಂದ ಮೇಲೆ ತನ್ನ ಮೇಲೆ ಯಾರಿಗೆ ತಾನೇ ಅನುಮಾನ ಬರಬೇಕು? ಎಣ್ಣೆ ಸವರುವ ಭಾಗವನ್ನು ಯಾರೂ ತಪ್ಪಿಸಿಕೊಳ್ಳದಿರಲಿ ಎಂದು ಹತ್ತಿರದಿಂದ, ಸಾವಕಾಶವಾಗಿ ತೆಗೆದ. ಆಮೇಲೆ ಗ್ಲೌಸು ಸುಟ್ಟ, ಪಂಚೆ ಒಗೆದು ಹಾಕಿದ, ಬಚ್ಚಲು ತೊಳೆದು ಪಾತ್ರೆಪಡಗವನ್ನೆಲ್ಲ ಒಳಗಿಟ್ಟ.

ಹೊಸ ಸಿಮ್ಮು ಕೊಂಡು, ವಿಡಿಯೋವನ್ನು ಅದೇ ಹೆಸರಿನ ಚಾನೆಲ್ಲಿಗೆ ಹಾಕಿ, ಲಿಂಕನ್ನು ಒಬ್ಬರಿಗೇ ಕಳಿಸಿದ, ಮಹಾದೇವಸ್ವಾಮಿಗಳಿಗೆ. ಊರಿಗೆ ಹಂಚುವ ಹೊಣೆಯನ್ನು ಅವರು ಮಧ್ಯಾಹ್ನದೊಳಗೆ ಮುಗಿಸಿದರು.

ಕೆಲವು ದಿನ ಕಳೆದು ಮೊದಲು ಬಂದದ್ದು ಬಿಳಿಗೆರೆಯ ಗೊಬ್ಬರದಂಗಡಿಯವನ ಫೋನು. ಆಮೇಲೆ ನಂಜೇಶನಿಗೆ ಊಟಕ್ಕೆ ಕೂರಲೂ ಪುರುಸೊತ್ತು ಸಿಗಲಿಲ್ಲ. ಹೋದಲ್ಲೆಲ್ಲ ಅವನು ಸೋರುವ ಗೀಸರಿನ ಕೆಳಗೆ ನಿಂತು, ಸಾವಿನ ಮನೆಯಲ್ಲಿ ನಿಂತವನ ಮುಖ ಮಾಡಿ, "ಛೆ ಛೆ, ಯಾರು ಕೈ ಹಾಕಿದ್ರು ಇದಕ್ಕೆ?" ಎನ್ನುವನು. ಮನೆಯ ಯಜಮಾನ ಕಿಟಕಿಯ ಕಡೆ ನೋಡುವನು. ಹೊಸ ರಿಂಗ್ ಹಾಕಿ ಕೆಳಗಿಳಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಕೊನೆಗೆ, ಸರಿಯಿದ್ದ ಗೀಸರನ್ನೇ ಇನ್ನೊಮ್ಮೆ ಬಿಚ್ಚಿ ಎಣ್ಣೆ ಸವರಿದ್ದ ಮಹಾದೇವಸ್ವಾಮಿಗಳೂ ಹೇಳಿಕಳಿಸಿದರು. ನಂಜೇಶ ಹೋದ. ಸ್ಪ್ಯಾನರ್ ಹೊರತೆಗೆದು ಅವರ ಮುಂದೆ ಹಿಡಿದು, "ಬೇಕಾ ಸಾ?" ಎಂದು ಬಹಳ ವಿನಯದಿಂದ ಕೇಳಿದ. ಆ ದಿನ ಮನೆಗೆ ಬರುವಾಗ ಸ್ಕೂಟರು ತಾನಾಗಿಯೇ ಹಾಡಿಕೊಂಡು ಬಂದಂತಿತ್ತು.

ಆದರೂ ಒಂದು ಅವನಿಗೆ ಚುಚ್ಚುತ್ತಿತ್ತು. ಯಾರೂ ರಮ್ಯಕ್ಕನನ್ನು ಬೈಯುತ್ತಿರಲಿಲ್ಲ. ಆಯಮ್ಮ ಸರಿಯಾಗೇ ಹೇಳಿದ್ದಾಳೆ, ನಮ್ಮ ಕೈಯೇ ಸರಿಯಿಲ್ಲ ಎನ್ನುತ್ತಿದ್ದರು. ಬನ್ನೂರಿನವನೊಬ್ಬ ವಿಡಿಯೋದ ಕೆಳಗೆ, 'ಅಕ್ಕ, ನಿಮ್ಮನೆಯೋರು ಪುಣ್ಯವಂತರು' ಎಂದು ಬರೆದಿದ್ದ. ನಂಜೇಶ ಅದಕ್ಕೆ ರಮ್ಯಕ್ಕನ ಹೆಸರಲ್ಲೇ ಕೈಮುಗಿಯುವ ಚಿತ್ರ ಹಾಕಿದ. ಅರ್ಪಿತ ಕೂಡ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಆ ವಿಡಿಯೋ ಕೇಳಿಸಿಕೊಂಡು, "ರೀ, ನೀವು ದಿನಪೂರ್ತಿ ಒದ್ದಾಡೋ ಕೆಲಸಾನ ಎಷ್ಟು ಸಲೀಸಾಗಿ ಹೇಳ್ತಾಳೆ ನೋಡಿ. ಸ್ವಲ್ಪ ಕಲೀರಿ" ಎಂದಳು. ಅವನಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ತಾನೇ ಹುಟ್ಟಿಸಿದ ಹೆಂಗಸಿನ ಮೇಲೆ ತನಗೇ ಹೊಟ್ಟೆಕಿಚ್ಚು.

ಈ ಗದ್ದಲದಲ್ಲಿ ತಿ. ನರಸೀಪುರದಿಂದ ಅತ್ತೆ ಪುಟ್ಟಬಸಮ್ಮ ಮತ್ತೆ ಮತ್ತೆ ಫೋನು ಮಾಡುತ್ತಿದ್ದರು. ಅವರ ಗೀಸರಿಗೂ ಸುಣ್ಣ ಕಟ್ಟಿತ್ತು. ನಂಜೇಶ ನಾಳೆ ಬತ್ತೀನಿ ಅತ್ತೆ, ನಾಳಿದ್ದು ಬತ್ತೀನಿ ಎನ್ನುತ್ತಲೇ ಇದ್ದ. ಸಂಪಾದನೆಯ ಕಾಲದಲ್ಲಿ ಪುಕ್ಕಟೆ ಕೆಲಸಕ್ಕೆ ಅಷ್ಟು ದೂರ ಯಾರು ಹೋಗುತ್ತಾರೆ? ಆಮೇಲೆ ಫೋನು ನಿಂತಿತು. ಅತ್ತೆ ಹಂಡೆಯಲ್ಲೇ ಕಾಯಿಸಿಕೊಳ್ಳುತ್ತಿರಬೇಕು ಎಂದುಕೊಂಡು ಅವನು ಮರೆತೇಬಿಟ್ಟ.

ಶನಿವಾರ ಅರ್ಪಿತ ತವರಿಗೆ ಹೋದಳು. ಭಾನುವಾರ ಬೆಳಿಗ್ಗೆ ಫೋನು ಮಾಡಿ, "ಅಮ್ಮನ ಗೀಸರ್ ಸೋರ್ತಾ ಅದೆ. ಬನ್ನಿ" ಎಂದಳು. ರೀ ಎನ್ನಲಿಲ್ಲ.

ಸೋರ್ತಾ ಅದೆ ಎಂದ ಕೂಡಲೇ ಅವನಿಗೆ ಅರ್ಥವಾಯಿತು. ನಂಜನಗೂಡಿನಲ್ಲಿ ಕಪಿಲೆ ಹೊಳೆಗೆ ಬಿಟ್ಟದ್ದೆಲ್ಲ ಕೊನೆಗೆ ನರಸೀಪುರಕ್ಕೆ ಹೋಗಿ ಸೇರಲೇಬೇಕಲ್ಲ. ದಾರಿಯುದ್ದಕ್ಕೂ ಅವನು ಏನು ಹೇಳಬೇಕೆಂದು ಅಣಿ ಮಾಡಿಕೊಂಡ. ಭಯಪಡುವುದಕ್ಕೆ ಏನೂ ಇರಲಿಲ್ಲ. ಅತ್ತೆಯ ಕೆಲಸ ತಡಮಾಡಿದ್ದಕ್ಕೆ ನಾಲ್ಕು ಮಾತು ಕೇಳಬೇಕಾದೀತು, ಅಷ್ಟೆ. ಹೊಸ ರಿಂಗ್ ಹಾಕಿ, ಕೋಳಿ ಸಾರಿಲ್ಲದ ಮನೆಯಾದರೂ ಒಬ್ಬಟ್ಟಿಗೆ ಮೋಸವಿಲ್ಲದ ಮನೆ, ಉಂಡು ಬಂದರಾಯಿತು.

ಒಬ್ಬಟ್ಟಿನ ವಾಸನೆ ಇರಲಿಲ್ಲ. ಪುಟ್ಟಬಸಮ್ಮ ನಡುಮನೆಯಲ್ಲಿ ಮೊಬೈಲು ಹಿಡಿದು ಕೂತಿದ್ದರು. ಅರ್ಪಿತ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಕಣ್ಣು ಊದಿತ್ತು.

"ನೀವು ಬರ್ನಿಲ್ಲ. ಇವಳು ವಿಡಿಯ ಕಳ್ಸುದ್ಲು. ನಾನೇ ಮಾಡ್ಬುಟ್ಟೆ ಅಳಿಯಂದ್ರೇ" ಎಂದರು ಪುಟ್ಟಬಸಮ್ಮ.

"ಅದಕ್ಕೇ ಅತ್ತೆ ನಾನು ಬಡ್ಕೊಳೋದು" ಎಂದು ನಂಜೇಶ ಜೇಬಿನಿಂದ ರಿಂಗ್ ತೆಗೆದ. "ಈ ವಿಡಿಯೋದೋರು ಏನೇನೋ ಹೇಳ್ತಾರೆ. ಕೆಲಸ ಗೊತ್ತಿರೋರ ಕೈಲೇ ಮಾಡಿಸ್ಬೇಕು."

"ಅದಿರ್ಲಿ. ಈ ರಮ್ಯ ಯಾರು?"

"ನಂಗೇನು ಗೊತ್ತು? ಯಾರೋ ಬೆಂಗಳೂರ ಕಡೆಯೋಳಿರ್ಬೇಕು."

"ನಿಮಗೆ ಗೊತ್ತೇ ಇಲ್ಲ?"

"ಆಣೆ ಮಾಡ್ತೀನಿ ಅತ್ತೆ. ನಾನು ಅವಳ ಮುಖಾನೇ ನೋಡಿಲ್ಲ."

ಆ ಮಾತು ನಿಜವೇ ಆಗಿದ್ದುದರಿಂದ ಅವನ ದನಿ ಒಂದಿಷ್ಟೂ ನಡುಗಲಿಲ್ಲ. ಬಾಗಿಲ ಬಳಿ ಅರ್ಪಿತ ಸೆರಗು ಬಾಯಿಗೆ ಒತ್ತಿಕೊಂಡಳು.

ಪುಟ್ಟಬಸಮ್ಮ ಮೊಬೈಲನ್ನು ಅವನ ಕೈಗೆ ಕೊಟ್ಟರು. ಎಣ್ಣೆ ಸವರುವ ಜಾಗದಲ್ಲಿ ವಿಡಿಯೋ ನಿಂತಿತ್ತು. "ರಿಂಗು ಸರ್ಯಾಗಿ ಕಾಣ್ನಿಲ್ಲ ಅಂತ ದೊಡ್ದು ಮಾಡ್ಕಂಡು ನೋಡ್ದೆ" ಎಂದು ಅವರು ಎರಡು ಬೆರಳಿಂದ ಚಿತ್ರವನ್ನು ಅಗಲಿಸಿದರು. ಹಳದಿ ಗ್ಲೌಸು, ಹೊಳೆಯುವ ರಬ್ಬರು, ಅದರಡಿಯಲ್ಲಿ ತೊಟ್ಟಿಕ್ಕುವ ನೀರಿಗೆ ಅವನು ಅಡುಗೆಮನೆಯಿಂದ ಕೈಗೆ ಸಿಕ್ಕಿದ್ದನ್ನು ತಂದಿಟ್ಟಿದ್ದ ಸ್ಟೀಲಿನ ಬೋಗುಣಿ. ದಿನಾ ಕಣ್ಣೆದುರಿಗಿದ್ದರೂ ಅವನು ಒಂದು ಸಲವೂ ಓದಿರದ ಅಕ್ಷರಗಳು ಅದರ ಅಂಚಿನಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು: 'ನಂಜೇಶ್–ಅರ್ಪಿತ ಮದುವೆಗೆ, ಪುಟ್ಟಬಸಮ್ಮ, ತಿ. ನರಸೀಪುರ.' ಪುಟ್ಟಬಸಮ್ಮ ಅವನ ಮುಖವನ್ನೇ ನೋಡುತ್ತ ಮೆಲ್ಲಗೆ ಕೇಳಿದರು: "ನಾನು ಎಸರು ಕೆತ್ಸಿ ಕೊಟ್ಟ ಬೋಗಣಿ, ಅಳಿಯಂದ್ರೇ, ಆ ಎಂಗಸಿನ ಬಚ್ಚಲುಮನೇಲಿ ಏನ್ ಮಾಡ್ತಾ ಅದೆ?"