ಕೆಂಪು ನೂಲಿನ ಜೇಬು

"ಮೊದಲು ಆ ಅಂಗಿ ಬಿಚ್ಚಿ!"

ಅಂಗಡಿಗೆ ಕಾಲಿಟ್ಟ ಅಪರಿಚಿತನಿಗೆ ಅವಳು ಹೇಳಿದ ಮೊದಲ ಮಾತೇ ಅದು. ನಮ್ಮ ಟೈಲರಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಆದರೆ ಈ ಸಲ ಕಾರಣವಿತ್ತು.

ಅವನು ತೊಟ್ಟಿದ್ದು ಅವಳೇ ಹೊಲಿದ ಅಂಗಿ! ಫಿರಂಗಿ ದಳದಲ್ಲಿದ್ದ ಅಣ್ಣನಿಗೆಂದು ದಪ್ಪ ಬಟ್ಟೆಯಲ್ಲಿ ಹೊಲಿದು ಕಳಿಸಿದ್ದಳು. ಅಣ್ಣ ಕಾಡಿನ ಯುದ್ಧದಲ್ಲಿ ಸತ್ತು ಮೂರು ವರ್ಷವಾಗಿತ್ತು. ಸೈನ್ಯದಿಂದ ಬಂದ ಪೆಟ್ಟಿಗೆಯಲ್ಲಿ ವಾಚು, ಕನ್ನಡಿ, ಅವಳ ಕಾಗದಗಳು ಎಲ್ಲ ಇದ್ದವು. ಅಂಗಿ ಮಾತ್ರ ಇರಲಿಲ್ಲ.

'ಸತ್ತವನ ಬಟ್ಟೆಯನ್ನೂ ಬಿಡಲಿಲ್ಲವಾ ಈ ಮನುಷ್ಯ?'

"ನೀವು... ಗುಬ್ಬಿ ಅಲ್ವಾ?" ಅಂದ ಅವನು.

ಅವಳ ಕೈಯ ಕತ್ತರಿ ನಿಂತಿತು. ಹಾಗೆ ಕರೆಯುತ್ತಿದ್ದವನು ಅಣ್ಣನೊಬ್ಬನೇ.

"ನಿಮ್ಮಣ್ಣನ ಜೊತೆ ಒಂದೇ ಫಿರಂಗಿ ತಂಡದಲ್ಲಿ ಇದ್ದೋನು ನಾನು. ಅಂಗಿ ವಾಪಸ್ ಕೊಡೋಕೆ ಬಂದೆ."

"ಮೂರು ವರ್ಷ ಆದ್ಮೇಲಾ? ಅದೂ ಮೈಮೇಲೆ ಹಾಕ್ಕೊಂಡು!"

"ಚೀಲದಲ್ಲಿಟ್ಕೊಂಡು ಮೂರು ಸಲ ಬಂದಿದ್ದೆ. ನಿಮ್ಮ ಬೀದಿ ತಿರುವಿನ ತನಕ ಬಂದು ವಾಪಸ್ ಹೋಗ್ಬಿಟ್ಟೆ. ಈ ಸಲ ಹಾಕ್ಕೊಂಡೇ ಬಂದೆ... ನಾನು ಬಾಯಿ ಬಿಡದಿದ್ರೂ ನೀವೇ ಕೇಳ್ತೀರಿ ಅಂತ."

"ಕೇಳ್ತಿದೀನಲ್ಲ, ಹೇಳಿ!"

ಅವನು ನೆಲದ ಮೇಲಿನ ಬಟ್ಟೆ ಚೂರುಗಳನ್ನೇ ನೋಡುತ್ತ ಹೇಳಿದ.

"ಎರಡು ತಿಂಗಳು ಬಿಡದ ಮಳೆ. ಕಾಡಲ್ಲಿ ಯಾರ ಬಟ್ಟೇನೂ ಒಣಗ್ತಿರಲಿಲ್ಲ. ಯಾರ ಹತ್ರ ಒಣ ಅಂಗಿ ಇದ್ರೂ ಅದು ಕಾಯಿಲೆ ಬಿದ್ದೋನಿಗೆ ಅಂತ ನಮ್ಮಲ್ಲೇ ಒಂದು ಕಟ್ಟುಪಾಡು. ಆ ದಿನ ನನಗೆ ಜ್ವರ. ನಿಮ್ಮಣ್ಣ ಇದನ್ನ ನನಗೆ ತೊಡಿಸಿ, ನನ್ನ ಒದ್ದೆ ಅಂಗಿ ತಾನು ಹಾಕ್ಕೊಂಡ. ನನ್ನ ಪಾಳೀನೂ ತಾನೇ ತಗೊಂಡ. ಸಂಜೆ ಶತ್ರುಗಳ ಗುಂಡು ನಮ್ಮ ಫಿರಂಗಿ ಪಕ್ಕದಲ್ಲೇ ಬಿತ್ತು... ಅಲ್ಲಿರಬೇಕಾದೋನು ನಾನು."

ಅವಳಿಗೆ ಹೊಟ್ಟೆ ಉರಿಯಿತು, ಸುಳ್ಳೇಕೆ! 'ಇವನಿದ್ದಾನೆ. ಅಣ್ಣ ಇಲ್ಲ.' 'ಹೊರಗೆ ಹೋಗಿ' ಅನ್ನಲು ಬಾಯಿ ತೆರೆದಳು. ಆಗ ಅಂಗಿಯ ಜೇಬು ಕಣ್ಣಿಗೆ ಬಿತ್ತು. ಕೆಂಪು ನೂಲಲ್ಲಿ ಅಡ್ಡಾದಿಡ್ಡಿ ತೇಪೆ.

"ಇದನ್ಯಾರು ಹೊಲಿದಿದ್ದು?"

"ಅವನೇ! 'ನನ್ನ ತಂಗಿ ಟೈಲರು' ಅಂತ ಜಂಭ ಕೊಚ್ಕೊಂಡು ನಮ್ಮೆಲ್ಲರ ಬಟ್ಟೇನೂ ಹೊಲೀತಿದ್ದ. ಜೇಬಿನ ಬಾಯೀನೂ ಸೇರಿಸಿ ಹೊಲಿದಿದಾನೆ ನೋಡಿ. ಕೈಯೇ ಹೋಗಲ್ಲ."

ಒಂದು ಗುಂಡಿ ಹೊಲಿಯಲೂ ಬಾರದ ಅಣ್ಣ! ಅವಳಿಗೆ ನಗು ಬಂತು. ನಗುನಗುತ್ತಲೇ ಅತ್ತುಬಿಟ್ಟಳು.

ಅಂಗಡಿ ಹಿಂದಿನ ಮನೆಯೊಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಮ್ಮ ಬಾಗಿಲಿಗೆ ಬಂದಳು.

"ಒದ್ದೆ ಬಟ್ಟೇಲಿ ನನ್ನ ಮಗನಿಗೆ ಚಳಿ ಆಗ್ತಿತ್ತೇನಪ್ಪಾ?"

"ಇಲ್ಲಮ್ಮಾ. ಫಿರಂಗಿ ಹತ್ರ ಯಾವಾಗ್ಲೂ ಸೆಕೆ. ಹಾಡ್ತಾನೇ ಪಾಳಿಗೆ ಹೋದ."

"ಅಪಸ್ವರದಲ್ಲಿ ತಾನೇ?"

"ಹೂಂ... ಕಿವಿ ಮುಚ್ಕೋಬೇಕಿತ್ತು."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಊಟ ಮಾಡ್ಕೊಂಡು ಹೋಗು, ಮಗಾ," ಎಂದು ಒಲೆ ಹಚ್ಚಲು ಒಳಗೆ ಹೋದಳು.

ಅವನು ಗುಂಡಿ ಬಿಚ್ಚತೊಡಗಿದ.

"ಬೇಡ, ಬಿಚ್ಚಬೇಡಿ."

"ನೀವೇ ಬಿಚ್ಚಿ ಅಂದ್ರಲ್ಲ!"

"ಆಗ ಅಂದೆ. ಈಗ ಬೇಡ ಅಂತಿದೀನಿ." ಅವಳು ಟೇಪು ತೆಗೆದುಕೊಂಡಳು. "ತೋಳು ನಿಮಗೆ ಗಿಡ್ಡ. ನಿಮ್ಮ ಅಳತೇಲಿ ಒಂದು ಹೊಲೀತೀನಿ. ಆಮೇಲೆ ಅಣ್ಣನದ್ದು ಕೊಡಿ."

ಟೇಪು ಅವನ ಎದೆ ಸುತ್ತಿತು. ಅವನು ಮೆಲ್ಲಗೆ ಅಂದ, "ನಿಮ್ಮ ಕಾಗದ ಬಂದ್ರೆ ಅವನು ಗಟ್ಟಿಯಾಗಿ ಓದ್ತಿದ್ದ, ಬೈಗುಳ ಸಮೇತ. ಅವನಿಗಿಂತ ಜಾಸ್ತಿ ನಾನೇ ಕಾಯ್ತಿದ್ದೆ. ಇವತ್ತು ಅಂಗಿ ಕೊಟ್ಟು ಹೋಗ್ಬೇಕು ಅಂತಿದ್ದೆ... ಈಗ ಹೋಗೋಕೆ ಮನಸ್ಸಿಲ್ಲ."

ಅವಳ ಕೆನ್ನೆ ಬಿಸಿಯಾಯಿತು.

"ಉಸಿರು ಬಿಗಿ ಹಿಡೀಬೇಡಿ, ಅಳತೆ ತಪ್ಪುತ್ತೆ."

"ಯಾವಾಗ ಕೊಡ್ತೀರಾ?"

"ಟೈಲರ್ ಮಾತು ನಂಬ್ತೀರಾ? ನಾವು ನಾಳೆ ಅಂತೀವಿ, ನಾಳೆ ಕೊಡಲ್ಲ."

"ಹಾಗಾದ್ರೆ ದಿನಾ ಬರ್ಲಾ?"

ಅವಳು ಟೇಪನ್ನು ಬೆರಳಿಗೆ ಸುತ್ತಿಕೊಂಡಳು.

"ಬನ್ನಿ... ಆದ್ರೆ ಬೀದಿ ತಿರುವಿಂದ ಮಾತ್ರ ವಾಪಸ್ ಹೋಗ್ಬೇಡಿ."